ಬಣ್ಣಕ್ಕೆ ಮುಂಚಿನ ಕೆಲಸ

ನೂಲಿಗೆ, ಬಟ್ಟೆಗೆ ಬಣ್ಣ ಹಾಕುವುದನ್ನು ಕಲಿಸಲು ಶುರು ಮಾಡಿದ ಮೇಲೆ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. "ಬಣ್ಣ ಯಾವಾಗ ಹಾಕೋದು?" ಬರುವವರು ಯಾರೇ ಆಗಿರಲಿ, ಮಡಿಕೇರಿಯ ಹೋಂಸ್ಟೇಯಲ್ಲಿ ಶನಿವಾರ ಕಳೆಯಲು ದಾರಿ ಹುಡುಕುವ ಬೆಂಗಳೂರಿನವರು, ಸುಂಟಿಕೊಪ್ಪದ ಕಡೆಯ ಸ್ವಸಹಾಯ ಸಂಘದ ಹೆಂಗಸರು, ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬಂದ ಹುಡುಗಿಯರು, ಎಲ್ಲರ ಬಾಯಲ್ಲೂ ಈ ಮಾತು ಬಂದೇ ಬರುತ್ತದೆ. ಕೇಳುವ ಧಾಟಿ ಬೇರೆ ಅಷ್ಟೆ. ಕೆಲವರು ನಗುತ್ತಾ ಕೇಳುತ್ತಾರೆ, ಕೆಲವರು ಗಡಿಯಾರ ನೋಡಿಕೊಂಡು ಕೇಳುತ್ತಾರೆ. ದುಡ್ಡು ಕೊಟ್ಟು ಬಂದಿದ್ದೇವೆ, ಬೆಳಿಗ್ಗೆಯಿಂದ ಬಟ್ಟೆ ಒಗೆಸುತ್ತಾ ಇದ್ದಾಳಲ್ಲ ಇವಳು ಅನ್ನುವುದು ಮುಖದಲ್ಲೇ ಕಾಣುತ್ತದೆ.

ಅವರು ಹಾಗೆ ಅಂದುಕೊಂಡರೆ ತಪ್ಪೇನಿಲ್ಲ. ಬಣ್ಣ ನೋಡಲು ಬಂದವರಿಗೆ ಬಣ್ಣ ತೋರಿಸಬೇಕಲ್ವಾ. ಆದರೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ಬಣ್ಣವೇ ಇಲ್ಲ. ತೊಳೆಯುವುದು, ಕುದಿಸುವುದು, ಅಳಲೆಕಾಯಿ ನೀರಲ್ಲಿ ನೆನೆಸುವುದು, ಪಟಿಕ ಹಿಡಿಸುವುದು, ಒಣಗಿಸುವುದು, ಮತ್ತೆ ನೆನೆಸುವುದು. ಇಷ್ಟೆಲ್ಲ ಆದ ಮೇಲೂ ಬಟ್ಟೆ ಹೆಚ್ಚು ಕಡಿಮೆ ಮೊದಲಿನ ಹಾಗೇ ಕಾಣುತ್ತದೆ. ಆಮೇಲೆ ಬಣ್ಣದ ಪಾತ್ರೆಗೆ ಇಳಿಸಿದರೆ ಒಂದು ಗಂಟೆಯ ಮಾತು. ಆ ಒಂದು ಗಂಟೆಯ ಫೋಟೋ ಎಲ್ಲರ ಫೋನಿನಲ್ಲೂ ಇರುತ್ತದೆ, ಅದಕ್ಕೆ ಮುಂಚಿನದ್ದು ಒಂದೂ ಇರುವುದಿಲ್ಲ. ಕಾಣದ ಈ ಭಾಗವನ್ನು ಬೇಜಾರಾಗದ ಹಾಗೆ ಹೇಗೆ ಕಲಿಸುವುದು ಅಂತ ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ. ಈಗ ನನಗೆ ಅನ್ನಿಸುವುದೇ ಬೇರೆ. ಕಲಿಸಬೇಕಾದ್ದು ಇದನ್ನೇ. ಯಾವ ಹೂವಿಗೆ ಯಾವ ಬಣ್ಣ ಅನ್ನುವುದನ್ನು ಅವರೇ ಮನೆಗೆ ಹೋಗಿ ಕಂಡುಕೊಳ್ಳುತ್ತಾರೆ.

ಒಂದು ಹನಿ ನೀರು

ಹೊಸ ಹತ್ತಿ ನೂಲು ನೋಡಲು ಶುಭ್ರವಾಗಿರುತ್ತದೆ. ಆದರೆ ಹತ್ತಿಯ ಎಳೆಗೆ ತನ್ನದೇ ಆದ ಮೇಣ ಇರುತ್ತದೆ. ನೇಯ್ದ ಬಟ್ಟೆಯಾದರೆ ಮೇಲೆ ಗಂಜಿಯೂ ಸೇರಿರುತ್ತದೆ. ಅದು ಹೋಗದೆ ಬಣ್ಣಕ್ಕೆ ಇಳಿಸಿದರೆ ಅಲ್ಲಲ್ಲಿ ಹಿಡಿದು ಅಲ್ಲಲ್ಲಿ ಬಿಡುತ್ತದೆ. ವಾಷಿಂಗ್ ಸೋಡಾ ಹಾಕಿ ಒಂದೆರಡು ಗಂಟೆ ಕುದಿಸಬೇಕು. ಬಿಳಿ ಬಟ್ಟೆ ಹಾಕಿದ ನೀರು ಕಂದು ಬಣ್ಣಕ್ಕೆ ತಿರುಗಿದ್ದು ನೋಡಿದಾಗ ಮಾತ್ರ ಕಲಿಯುವವರು ಸ್ವಲ್ಪ ಬೆಚ್ಚಿ ಬೀಳುತ್ತಾರೆ. "ಇಷ್ಟು ಕೊಳೆ ಇತ್ತಾ?" ಅಂತ ಕೇಳುತ್ತಾರೆ. ಕೊಳೆ ಏನೂ ಅಲ್ಲ, ಹತ್ತಿಯದ್ದೇ ಸರಕು. ಹಿಂದೆ ಮಡಿವಾಳರು ಬಟ್ಟೆಯನ್ನು ಉಬ್ಬೆಗೆ ಹಾಕುತ್ತಿದ್ದರಲ್ಲ, ಕ್ಷಾರದ ನೀರಲ್ಲಿ ಅದ್ದಿ ಹಬೆಯಲ್ಲಿ ಬೇಯಿಸುವುದು, ಅದರ ಹಿಂದೆ ಇದ್ದ ತಿಳಿವಳಿಕೆಯೂ ಇದೇ. ಕ್ಷಾರ, ಬಿಸಿ, ಸಮಯ. ಉಣ್ಣೆಗೂ ರೇಷ್ಮೆಗೂ ಸೋಡಾ ಆಗದು, ಎಳೆ ಹಾಳಾಗುತ್ತದೆ. ಅವಕ್ಕೆ ಅಂಟುವಾಳದ ನೀರು ಸಾಕು. ಉಣ್ಣೆಯನ್ನು ಉಜ್ಜಲೂ ಬಾರದು, ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಲೂ ಬಾರದು, ಗಂಟು ಕಟ್ಟಿ ಕಂಬಳಿಯಾಗುತ್ತದೆ.

ನಮ್ಮ ಪಕ್ಕದ ತೋಟದ ಅಕ್ಕ ಒಬ್ಬರು ಒಂದು ತರಗತಿಗೆ ಬಂದಿದ್ದರು. ಅಕ್ಕ ಅಂತ ಕರೆಯುತ್ತೇನೆ, ವಯಸ್ಸಿನಲ್ಲಿ ನನ್ನ ಅಮ್ಮನಿಗೆ ಸಮ. "ನಂಗೆ ಕಲಿಯೋದೇನೂ ಇಲ್ಲ, ಸುಮ್ನೆ ನೋಡ್ತೇನೆ" ಅಂತ ಹೇಳಿ ಜಗಲಿ ಮೇಲೆ ಕೂತರು. ಉಳಿದವರೆಲ್ಲ ಯಾವ ಎಲೆ ಯಾವ ಬಣ್ಣ ಅಂತ ಮಾತಾಡುತ್ತಿದ್ದರು. ಅಕ್ಕ ಸ್ವಲ್ಪ ಹೊತ್ತು ನೋಡಿದರು, ಎದ್ದು ಬಂದರು, ಕುದಿಸಿ ಒಣಗಲು ಹಾಕಿದ್ದ ಬಟ್ಟೆಯ ತುದಿ ಹಿಡಿದು ಕೈ ಅದ್ದಿ ಒಂದು ಹನಿ ನೀರು ಬಿಟ್ಟರು. ಹನಿ ಬಟ್ಟೆಯ ಮೇಲೆ ಗುಂಡಗೆ ಕೂತಿತು. ಬಟ್ಟೆ ಅಲುಗಾಡಿಸಿದರೆ ಹನಿಯೂ ಅಲುಗಾಡಿತು, ಆದರೆ ಇಳಿಯಲಿಲ್ಲ. "ಇದಿನ್ನೂ ಕುಡೀತಿಲ್ಲ ನೋಡು" ಅಂದರು. ಮತ್ತೆ ಒಲೆಗೆ ಹಾಕಿದೆವು. ಮಧ್ಯಾಹ್ನ ಇನ್ನೊಂದು ಹನಿ ಬಿಟ್ಟಾಗ ಅದು ಬೀಳುವುದೂ ಬಟ್ಟೆ ಹೀರುವುದೂ ಒಟ್ಟಿಗೇ ಆಯಿತು, ಒದ್ದೆಯ ಗುರುತು ಸುತ್ತಲೂ ಒಂದೇ ಸಮ ಹರಡಿತು.

ಬಣ್ಣಗಾರರು ಈ ಪರೀಕ್ಷೆಯನ್ನು ಎಲ್ಲ ಕಡೆ ಮಾಡುತ್ತಾರೆ, ನಾನೂ ಊಟಕ್ಕೆ ಮುಂಚೆ ಅದನ್ನೇ ತೋರಿಸಬೇಕು ಅಂತಿದ್ದೆ. ಅಕ್ಕನಿಗೆ ಇದು ಎಲ್ಲಿಂದ ಗೊತ್ತು ಅಂತ ಕೇಳಿದೆ. "ಬಾಣಂತಿ ಮನೆಗೆ ಹೊಸ ಬಟ್ಟೆ ಕೊಟ್ರೆ ಮಗು ಒದ್ದೆಯಲ್ಲೇ ಮಲಗ್ತದೆ. ಹಳೇ ಪಂಚೆ ಹರಿದು ಕೊಡ್ಬೇಕು. ಯಾವುದು ಹೀರ್ತದೆ ಅಂತ ನೋಡದೆ ಕೊಡ್ತಾರಾ?" ಅಂದರು. ಅಷ್ಟೇ. ಅಲ್ಲಿದ್ದ ಹುಡುಗಿಯರೆಲ್ಲ ಬಟ್ಟೆ ಮೇಲೆ ನೀರು ಬಿಡುತ್ತಾ ಕೂತರು. ಬಣ್ಣ ಯಾವಾಗ ಅಂತ ಆ ದಿನ ಮತ್ತೆ ಯಾರೂ ಕೇಳಲಿಲ್ಲ. ನಾನು ಬಾಯಲ್ಲಿ ಎಷ್ಟು ಹೇಳಿದ್ದರೂ ಅದು ಆಗುತ್ತಿರಲಿಲ್ಲ. ಆಮೇಲಿಂದ ನಾನು ತರಗತಿ ಶುರು ಮಾಡುವುದೇ ಆ ಹನಿಯಿಂದ. ಎರಡು ತುಂಡು ಬಟ್ಟೆ, ಒಂದು ಕುದಿಸಿದ್ದು, ಒಂದು ಕುದಿಸದ್ದು. ಏನೂ ವಿವರಿಸುವುದಿಲ್ಲ, ನೀರು ಬಿಡಿ ಅನ್ನುತ್ತೇನೆ.

ನೂಲಿನ ಲಡಿಯದ್ದು ಇನ್ನೊಂದು ಕತೆ. ಲಡಿಯನ್ನು ನಾಲ್ಕು ಕಡೆ ದಾರದಿಂದ ಕಟ್ಟಬೇಕು, ಇಲ್ಲದಿದ್ದರೆ ಪಾತ್ರೆಯೊಳಗೆ ಗೋಜಲಾಗುತ್ತದೆ. ಬಿಗಿಯಾಗಿ ಕಟ್ಟಿದರೆ ಕಟ್ಟಿದ ಜಾಗದಲ್ಲಿ ಬಣ್ಣ ಹೋಗದೆ ಬಿಳಿ ಉಳಿಯುತ್ತದೆ. ಎಳೆಗಳ ನಡುವೆ ಎಂಟರ ಆಕಾರದಲ್ಲಿ ದಾರ ಹಾಯಿಸಿ, ಒಂದು ಬೆರಳು ಸಲೀಸಾಗಿ ತೂರುವಷ್ಟು ಸಡಿಲ ಬಿಡಬೇಕು. ಕೈ ನೋಡಿದರೆ ಯಾರು ಹೂ ಕಟ್ಟಿದವರು, ಯಾರು ಕಟ್ಟದವರು ಅಂತ ಗೊತ್ತಾಗಿಬಿಡುತ್ತದೆ.

ಅಳಲೆ, ಪಟಿಕ, ಮತ್ತು ಒಂದು ಹಳೇ ಆಟ

ತೊಳೆದದ್ದಾಯಿತು. ಇನ್ನು ಹಿಡಿಸುವ ಕೆಲಸ. ಗಿಡಗಳಿಂದ ಬರುವ ಬಣ್ಣಗಳಲ್ಲಿ ಹೆಚ್ಚಿನವು ಹತ್ತಿಗೆ ತಾವಾಗಿ ಅಂಟಿಕೊಳ್ಳುವುದಿಲ್ಲ. ನಡುವೆ ಒಂದು ಲೋಹ ಬೇಕು. ನಾವು ಬಳಸುವುದು ಪಟಿಕ, ಕ್ಷೌರದಂಗಡಿಯಲ್ಲಿ ಇರುತ್ತದಲ್ಲ, ಅದೇ. ಅದರಲ್ಲಿರುವ ಅಲ್ಯೂಮಿನಿಯಂ ಒಂದು ಕಡೆ ಎಳೆಯನ್ನು ಹಿಡಿಯುತ್ತದೆ, ಇನ್ನೊಂದು ಕಡೆ ಬಣ್ಣವನ್ನು ಹಿಡಿಯುತ್ತದೆ. ಉಣ್ಣೆ, ರೇಷ್ಮೆ ಪಟಿಕವನ್ನು ನೇರವಾಗಿ ತೆಗೆದುಕೊಳ್ಳುತ್ತವೆ. ಹತ್ತಿ ಸ್ವಲ್ಪ ಮೊಂಡು. ಅದಕ್ಕೆ ಮೊದಲು ಅಳಲೆಕಾಯಿ ಪುಡಿಯ ನೀರು ಕುಡಿಸಬೇಕು. ಅಳಲೆಯ ಒಗರು ಹತ್ತಿಗೆ ಕೂತರೆ ಪಟಿಕ ಅದರ ಮೇಲೆ ಕೂರುತ್ತದೆ. ಒಣ ಬಟ್ಟೆಯ ತೂಕ 100 ಗ್ರಾಂ ಇದ್ದರೆ 20 ಗ್ರಾಂ ಅಳಲೆ, 15 ಗ್ರಾಂ ಪಟಿಕ. ಮನೆಯಲ್ಲಿ ತೂಕದ ತಕ್ಕಡಿ ಇಲ್ಲ ಅಂದವರಿಗೆ ಅಂಗಡಿಯಲ್ಲೇ ಪೊಟ್ಟಣ ಕಟ್ಟಿಸಿಕೊಂಡು ಬನ್ನಿ ಅನ್ನುತ್ತೇನೆ. ಕಣ್ಣಳತೆ ಅಡುಗೆಗೆ ಸರಿ, ಪಟಿಕಕ್ಕೆ ಬೇಡ, ಜಾಸ್ತಿಯಾದರೆ ಬಟ್ಟೆ ಅಂಟಂಟಾಗುತ್ತದೆ.

ಈ ಭಾಗಕ್ಕೆ ಬರುವ ಹೊತ್ತಿಗೆ ಎಲ್ಲರಿಗೂ ಆಕಳಿಕೆ. ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೇನೆ, ನನ್ನ ಸ್ವಂತದ್ದಲ್ಲ, ಎರಡು ಸಾವಿರ ವರ್ಷ ಹಳೆಯದು. ಮೊದಲನೇ ಶತಮಾನದ ರೋಮನ್ ಲೇಖಕ ಪ್ಲಿನಿ ಈಜಿಪ್ಟಿನವರ ಬಗ್ಗೆ ಬರೆದಿದ್ದಾನೆ: ಅವರು ಬಿಳಿ ಬಟ್ಟೆಯ ಮೇಲೆ ಏನೋ ಬಳಿಯುತ್ತಾರೆ, ಬಳಿದದ್ದು ಕಾಣುವುದೇ ಇಲ್ಲ; ಕುದಿಯುವ ಒಂದೇ ಬಣ್ಣದ ಕೊಪ್ಪರಿಗೆಗೆ ಅದ್ದಿ ತೆಗೆದರೆ ಬಟ್ಟೆ ಹಲವು ಬಣ್ಣಗಳಲ್ಲಿ ಹೊರಗೆ ಬರುತ್ತದೆ. ಅವನಿಗೂ ಆಶ್ಚರ್ಯವಾಗಿತ್ತು ಅಂತ ಕಾಣುತ್ತದೆ. ನಾವೂ ಹಾಗೇ ಮಾಡುತ್ತೇವೆ. ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಹಾಕಿ ಕೆಲವು ವಾರ ಹುಳಿ ಬರಿಸಿದ ಕಬ್ಬಿಣದ ನೀರು ನನ್ನ ಹತ್ತಿರ ಯಾವಾಗಲೂ ಒಂದು ಭರಣಿ ಇರುತ್ತದೆ. ಕಲಂಕಾರಿಯವರು ಕಪ್ಪು ಬರೆಯುವುದು ಇದರಿಂದಲೇ. (ಬೆಲ್ಲದ ಬದಲು ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿ, ಹಾಕಿದರೆ ಕಬ್ಬಿಣ ಬೇಗ ಕರಗುತ್ತಲ್ವಾ ಅಂತ ಒಬ್ಬರು ಕೇಳಿದ್ದರು. ಕರಗೀತು. ಆದರೆ ಕಾಚಂಪುಳಿಯ ಬೆಲೆ ಗೊತ್ತಿರುವ ಯಾವ ಮನೆಯಲ್ಲೂ ಅದನ್ನು ಮೊಳೆಗೆ ಸುರಿಯಲು ಬಿಡುವುದಿಲ್ಲ, ಹಂದಿ ಕರಿಗೆ ಇಟ್ಟದ್ದು ಅದು.)

ಒಂದು ಸಲ ಹೈಸ್ಕೂಲಿನ ಹುಡುಗಿಯರು ಬಂದಿದ್ದರು. ಅಳಲೆ ಹಾಕದ, ಬರೀ ತೊಳೆದ ಬಟ್ಟೆ ಕೊಟ್ಟೆ, ಅಳಲೆ ಇದ್ದರೆ ಕಬ್ಬಿಣ ತಾಗಿದ ಕೂಡಲೇ ಕಪ್ಪಾಗಿ ಗುಟ್ಟು ರಟ್ಟಾಗುತ್ತದೆ. ಒಂದು ಬಟ್ಟಲಲ್ಲಿ ಪಟಿಕದ ನೀರು, ಒಂದರಲ್ಲಿ ಕಬ್ಬಿಣದ ನೀರನ್ನು ತುಂಬಾ ತೆಳ್ಳಗೆ ಮಾಡಿದ್ದು, ಒಂದರಲ್ಲಿ ಎರಡೂ ಸೇರಿದ್ದು. ಕುಂಚ ಅದ್ದಿ ಏನು ಬೇಕಾದರೂ ಬರೆಯಿರಿ ಅಂದೆ. ಒಬ್ಬಳು ಆನೆ ಬರೆದಳು, ಒಬ್ಬಳು ತನ್ನ ಹೆಸರು ಬರೆದಳು, ಇನ್ನೊಬ್ಬಳು ಬರೆದದ್ದನ್ನು ಯಾರಿಗೂ ತೋರಿಸಲಿಲ್ಲ. ತೋರಿಸಲು ಏನಿತ್ತು, ಒಣಗಿದ ಮೇಲೆ ಏನೂ ಕಾಣುತ್ತಿರಲಿಲ್ಲ. ಎರಡು ದಿನ ಬಿಟ್ಟು ಬಂದಾಗ ಎಲ್ಲವನ್ನೂ ಒಂದೇ ಪಾತ್ರೆಯ ಮಂಜಿಷ್ಠದ ಬೇರಿನ ನೀರಿಗೆ ಇಳಿಸಿದೆವು. ಮಂಜಿಷ್ಠವನ್ನು ಕುದಿಸಬಾರದು, ಕುದಿಸಿದರೆ ಕೆಂಪು ಹೋಗಿ ಕಂದಾಗುತ್ತದೆ. ಅದಕ್ಕೆ ಒಲೆಯ ಕೊಳ್ಳಿ ಹಿಂದೆ ಎಳೆಯುವ ಕೆಲಸಕ್ಕೇ ಒಬ್ಬಳನ್ನು ಕೂರಿಸಿದ್ದೆ. ನಿಧಾನಕ್ಕೆ ಪಟಿಕ ಬಳಿದ ಕಡೆ ಕೆಂಪು ಏರಿತು, ಕಬ್ಬಿಣದ ಕಡೆ ನೇರಳೆ ಬೆರೆತ ಕಪ್ಪು, ಎರಡೂ ಇದ್ದ ಕಡೆ ಗಾಢ ಕಂದು. ಏನೂ ಬಳಿಯದ ಜಾಗ ಬರೀ ಪೇಲವ ಗುಲಾಬಿ, ಅದೂ ತೊಳೆದರೆ ಹೋಗುವಂಥದ್ದು. ತೋರಿಸದೆ ಇದ್ದವಳ ಗುಟ್ಟು ಎಲ್ಲರ ಮುಂದೆ ಕೆಂಪಾಗಿ ಎದ್ದು ನಿಂತಿತು. ಏನು ಬರೆದಿದ್ದಳು ಅಂತ ಇಲ್ಲಿ ಹೇಳುವುದಿಲ್ಲ, ಆ ಹುಡುಗಿಯರು ಇಡೀ ಬೆಟ್ಟಕ್ಕೆ ಕೇಳುವ ಹಾಗೆ ಕಿರುಚಿದರು.

ಮೊಹೆಂಜೊದಾರೊದಲ್ಲಿ ಬೆಳ್ಳಿ ಪಾತ್ರೆಗೆ ಅಂಟಿಕೊಂಡು ಉಳಿದ ಹತ್ತಿ ಬಟ್ಟೆಯ ಚೂರು ಸಿಕ್ಕಿದೆ, ಅದಕ್ಕೆ ಹಾಕಿದ್ದು ಮಂಜಿಷ್ಠದ ಜಾತಿಯ ಕೆಂಪು. ಹತ್ತಿಗೆ ಆ ಕೆಂಪು ನಿಲ್ಲಬೇಕಾದರೆ ನಡುವಿನ ಈ ಕಾಣದ ಕೆಲಸ ಆಗಿರಲೇಬೇಕು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಯಾರೋ ಒಬ್ಬರು ಇದನ್ನು ಇನ್ನೊಬ್ಬರಿಗೆ ಕಲಿಸಿದ್ದಾರೆ. ಅವರಿಗೂ "ಬಣ್ಣ ಯಾವಾಗ?" ಅಂತ ಕೇಳಿದವರು ಇದ್ದೇ ಇರುತ್ತಾರೆ ಬಿಡಿ.

ನೀಲಿಯ ಮೇಲೆ ಸಣ್ಣ ತಕರಾರು

ವಾರಾಂತ್ಯದ ತರಗತಿಗಳಲ್ಲಿ ಎಲ್ಲರೂ ಕೇಳುವುದು ನೀಲಿ, ನೀಲಿ ಗಿಡದಿಂದ ಬರುವ ಇಂಡಿಗೋ. ಕಾರಣ ಇದೆ. ನೀಲಿಗೆ ಪಟಿಕ ಬೇಡ, ಅಳಲೆ ಬೇಡ. ಪಾತ್ರೆಯಿಂದ ಬಟ್ಟೆ ತೆಗೆದಾಗ ಹಳದಿ ಹಸಿರು, ಗಾಳಿ ತಾಗಿದ ಹಾಗೇ ಕಣ್ಣೆದುರಿಗೆ ನೀಲಿಯಾಗುತ್ತದೆ. ವಿಡಿಯೋ ಮಾಡಲು ಇದಕ್ಕಿಂತ ಬೇರೆ ಬೇಕಾ? ನನಗೂ ಇಷ್ಟವೇ, ಎಷ್ಟು ಸಲ ನೋಡಿದರೂ ನೋಡಬೇಕು ಅನ್ನಿಸುತ್ತದೆ. ಆದರೆ ಮೊದಲ ದಿನವೇ ನೀಲಿ ಮಾಡಿದವರು ಎರಡನೇ ದಿನ ಬಟ್ಟೆ ಕುದಿಸಲು ಬರುವುದಿಲ್ಲ. ಅದಕ್ಕೆ ನಾನು ನೀಲಿಯನ್ನು ಕೊನೆಗೆ ಇಟ್ಟಿದ್ದೇನೆ. ಇದರಿಂದ ಹೋಂಸ್ಟೇ ಕಡೆಯಿಂದ ಬರುವವರು ಕಡಿಮೆಯಾದರು. ಆಗಲಿ.

ನೀಲಿಗೂ ಕಾಣದ ಕೆಲಸ ಇಲ್ಲ ಅಂತೇನಿಲ್ಲ, ಅದೆಲ್ಲ ಭರಣಿಯೊಳಗೆ ನಡೆದಿರುತ್ತದೆ. ನೀಲಿ ನೀರಲ್ಲಿ ಕರಗುವುದಿಲ್ಲ. ಸುಣ್ಣದ ಕ್ಷಾರ ಮತ್ತು ಬೆಲ್ಲದಂಥ ಏನಾದರೂ ಸೇರಿ ಅದನ್ನು ಕರಗುವ ರೂಪಕ್ಕೆ ತರಬೇಕು. ದಕ್ಷಿಣದ ಹಳೇ ನೀಲಿಗಾರರು ಬೇಯಿಸಿದ ತಗಚೆ ಬೀಜ ಹಾಕುತ್ತಿದ್ದರು. ಮಳೆಗಾಲದಲ್ಲಿ ನಮ್ಮ ರಸ್ತೆ ಬದಿಯಲ್ಲೆಲ್ಲ ಏಳುತ್ತದಲ್ಲ, ಎಳೆ ಸೊಪ್ಪು ಕೊಯ್ದು ಪಲ್ಯ ಮಾಡುವುದು, ಅದೇ ಗಿಡ. ಭರಣಿಗೆ ಬೆಚ್ಚಗೆ ಬೇಕು. ಡಿಸೆಂಬರ್ ಚಳಿಯಲ್ಲಿ ಅಂಗಳದಲ್ಲಿಟ್ಟರೆ ಸುಮ್ಮನೆ ಮಲಗಿಬಿಡುತ್ತದೆ. ನಮ್ಮ ಮನೆಯಲ್ಲಿ ಅದರ ಜಾಗ ಬಚ್ಚಲ ಒಲೆಯ ಪಕ್ಕ. ಸ್ನಾನಕ್ಕೆ ಹೋದವರೆಲ್ಲ ಅದರ ವಾಸನೆಗೆ ಬೈದುಕೊಂಡೇ ಬರುತ್ತಾರೆ.

ತೋಟದಿಂದ ಏನು ಸಿಗುತ್ತದೆ

ಕೊಡಗು ಅಂದ ಮೇಲೆ ಕಾಫಿಯಲ್ಲಿ ಬಣ್ಣ ಹಾಕಿ ತೋರಿಸಿ ಅಂತ ಬರುವವರಿಗೆ ಕೊರತೆ ಇಲ್ಲ. ತೋರಿಸುತ್ತೇನೆ. ಹತ್ತಿಗೆ ಬರುವುದು ಒಂದು ಮಾಸಲು ಕಂದು, ಬಟ್ಟೆಗೆ ಕಾಫಿ ಚೆಲ್ಲಿದರೆ ಯಾವ ಬಣ್ಣವೋ ಅದೇ. ಕುಡಿಯುವುದೇ ಮೇಲು. ನನ್ನ ಕೇಳಿದರೆ ಕಾಫಿ ತೋಟದಲ್ಲಿ ಬಣ್ಣಕ್ಕೆ ಯೋಗ್ಯವಾದದ್ದು ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್. ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟದ್ದು, ಕೊಂಬೆ ಕಡಿದಾಗ ಎಲೆ ರಾಶಿ ಬಿದ್ದಿರುತ್ತದೆ. ಪಟಿಕ ಹಿಡಿಸಿದ ರೇಷ್ಮೆ, ಉಣ್ಣೆಗೆ ಒಳ್ಳೇ ಹೊನ್ನಿನ ಹಳದಿ ಕೊಡುತ್ತದೆ. ಮರದ ಮಿಲ್ಲಿನಿಂದ ಹಲಸಿನ ಹೊಟ್ಟು ತಂದರೆ ಇನ್ನೂ ಬೆಚ್ಚಗಿನ ಹಳದಿ, ಥಾಯ್ಲೆಂಡ್, ಬರ್ಮಾದ ಕಡೆ ಭಿಕ್ಕುಗಳ ಬಟ್ಟೆಗೆ ಹಾಕುತ್ತಿದ್ದದ್ದು ಇದನ್ನೇ. ಅಡಿಕೆ ಬೇಯಿಸಿ ಉಳಿದ ಚೊಗರಿನ ಕೆಂಗಂದು ಬಣ್ಣವನ್ನು ಹೆಗ್ಗೋಡಿನ ಚರಕ ಕೈಮಗ್ಗ ಸಂಘದವರ ಬಟ್ಟೆಯಲ್ಲಿ ನೀವು ನೋಡಿರುತ್ತೀರಿ.

ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ ಮೊದಲ ವಾರ, ಮದ್ದು ಸೊಪ್ಪಿನ ಪಾಯಸ ಮಾಡುವಾಗ ಪಾತ್ರೆ ನೋಡಿದವರಿಗೆಲ್ಲ ಒಮ್ಮೆ ಆಸೆಯಾಗಿಯೇ ಆಗುತ್ತದೆ, ಈ ನೇರಳೆಯನ್ನು ಬಟ್ಟೆಗೆ ಹಾಕಿದರೆ? ನನ್ನ ಕಲಿಕೆಯವರು ಪ್ರತಿ ಆಗಸ್ಟಿನಲ್ಲೂ ಹಾಕಿ ನೋಡುತ್ತಾರೆ. ನಾನು ಬೇಡ ಅನ್ನುವುದಿಲ್ಲ. ರೇಷ್ಮೆಯ ಮೇಲೆ ಮೊದಲ ದಿನ ಅದು ಏನು ಚೆಂದ ಅಂತೀರಿ. ಅದನ್ನೊಂದು ರಟ್ಟಿಗೆ ಅಂಟಿಸಿ, ಅರ್ಧ ಭಾಗ ಕಪ್ಪು ಕಾಗದದಿಂದ ಮುಚ್ಚಿ ಕಿಟಕಿಗೆ ತೂಗು ಹಾಕುತ್ತೇವೆ, ಪಕ್ಕದಲ್ಲಿ ಅರಿಶಿನದ್ದೊಂದು, ಮಂಜಿಷ್ಠದ್ದೊಂದು. ಆಗಸ್ಟಿನಲ್ಲಿ ಇಲ್ಲಿ ಬಿಸಿಲು ಎಲ್ಲಿಂದ ಬರಬೇಕು, ರಟ್ಟು ನೇತಾಡುತ್ತಾ ಬೂಸ್ಟು ಹಿಡಿಯುತ್ತದೆ. ಮಳೆ ಬಿಟ್ಟು ನಾಲ್ಕು ಬಿಸಿಲು ಬಿದ್ದ ಮೇಲೆ ಕಾಗದ ತೆಗೆದು ನೋಡಿದರೆ ಸೊಪ್ಪಿನ ನೇರಳೆ ಬಿಸಿಲಿಗೆ ಕಂಡ ಕಡೆ ಮಾಯ. ಅರಿಶಿನವೂ ಅದೇ ದಾರಿ. ಮಂಜಿಷ್ಠದ ಎರಡು ಅರ್ಧಕ್ಕೂ ವ್ಯತ್ಯಾಸ ಹುಡುಕಬೇಕು. ಕಲೆ ಮಾಡುವುದೆಲ್ಲ ಬಣ್ಣ ಆಗುವುದಿಲ್ಲ ಅಂತ ನಾನು ಹೇಳಿದರೆ ಅದು ಪಾಠ, ಆ ರಟ್ಟು ನೋಡಿದರೆ ಅವರಿಗೇ ಗೊತ್ತಾಗುತ್ತದೆ.

ತೋಟದ ಮನೆಗಳಿಂದ ಬಂದವರು ಕೇಳುವ ಇನ್ನೊಂದು ಪ್ರಶ್ನೆ ಮೈಲುತುತ್ತದ್ದು, ಅಂದರೆ ಕಾಪರ್ ಸಲ್ಫೇಟಿನದ್ದು. ಗಿಡದ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದದ್ದು ಎಲ್ಲರ ಸ್ಟೋರಿನಲ್ಲೂ ಇರುತ್ತದೆ, ಅದೂ ಬಣ್ಣ ಹಿಡಿಸುತ್ತದೆ, ಹಳದಿಯನ್ನು ಹಸಿರಿಗೆ ತಿರುಗಿಸುತ್ತದೆ. ನಾನು ಮುಟ್ಟುವುದಿಲ್ಲ. ಉಳಿದ ನೀರು ಎಲ್ಲಿ ಚೆಲ್ಲುತ್ತೀರಿ ಅಂತ ಕೇಳುತ್ತೇನೆ. ನಮ್ಮ ಅಂಗಳದ ನೀರು ತೋಡಿಗೆ, ತೋಡು ಹೊಳೆಗೆ, ಹೊಳೆ ಕಾವೇರಿಗೆ. ಗಿಡದ್ದು ಅಂದ ಮಾತ್ರಕ್ಕೆ ಎಲ್ಲ ಸಾಧು ಅಂದುಕೊಳ್ಳಬೇಡಿ. ಹಾಗೇ ಪಾಕೆಟ್ ಬಣ್ಣ ಅಂದರೆ ಪಾಪ ಅನ್ನುವ ಮಡಿವಂತಿಕೆಯೂ ನನಗಿಲ್ಲ. 1856ರಲ್ಲಿ ಪರ್ಕಿನ್ ಎಂಬ ಹದಿನೆಂಟರ ಹುಡುಗ ಮೊದಲ ಕೃತಕ ನೇರಳೆ ಮಾಡಿದಾಗಿನಿಂದ ಲೋಕವೆಲ್ಲ ಆ ಕಡೆ ಹೋಗಿದೆ, 1956ರಲ್ಲಿ ಬಂದ ರಿಯಾಕ್ಟಿವ್ ಬಣ್ಣಗಳು ತಣ್ಣೀರಲ್ಲೇ ಹತ್ತಿಯ ಎಳೆಯ ಜೊತೆ ಸೇರಿಕೊಳ್ಳುತ್ತವೆ. ಮಕ್ಕಳಿಗೆ ಬಟ್ಟೆ ಹೊಲಿದು ಮಾರುವ ಸಂಘದವರು ಅದನ್ನೇ ಕೇಳುತ್ತಾರೆ, ಅದನ್ನೂ ಕಲಿಸುತ್ತೇನೆ. ಆದರೆ ಅಲ್ಲೂ ಬಟ್ಟೆ ಕುದಿಸಬೇಕು, ಸೋಡಾ ಹಾಕಬೇಕು, ಕೊನೆಗೆ ಉಳಿದ ಬಣ್ಣ ಹೋಗುವ ತನಕ ತೊಳೆದೂ ತೊಳೆದೂ ಸಾಕಾಗಬೇಕು. ಅಕ್ಕ ಅದನ್ನು ನೋಡಿ "ಬೇಳೆ ಬೇಯದೆ ಒಗ್ಗರಣೆ ಹಾಕಿದ್ರೆ ಯಾವ ಸಾರೂ ಸಾರಾಗಲ್ಲ" ಅಂದರು.

ನೀರು, ಮಳೆ, ತರಗತಿ

ನಮ್ಮ ಬಾವಿ ನೀರಲ್ಲಿ ಕಬ್ಬಿಣ ಇದೆ. ಅಳಲೆ ನೀರಿಗೆ ಒಂದು ಲೋಟ ಬಾವಿ ನೀರು ಸುರಿದರೆ ಮಸಿ ಕವಿದ ಹಾಗೆ ಕಪ್ಪಗಾಗುತ್ತದೆ, ಅಲ್ಲಿಗೆ ಗೊತ್ತಾಯಿತು. ಆ ನೀರಲ್ಲಿ ಹಳದಿ ಯಾವತ್ತೂ ಹಳದಿಯಾಗಿ ಬರುವುದಿಲ್ಲ, ಪಾಚಿಯ ಕಡೆ ವಾಲುತ್ತದೆ. ಮಳೆ ನೀರು ಬೇಕು. ಕೊಡಗಿನಲ್ಲಿ ಮಳೆ ನೀರಿಗೇನು ಬರ, ಜೂನ್ ಜುಲೈಯಲ್ಲಿ ಸೂರಿನ ಕೆಳಗೆ ಡ್ರಮ್ ಇಟ್ಟರೆ ಒಂದೇ ರಾತ್ರಿಗೆ ತುಂಬುತ್ತದೆ. ತೊಂದರೆ ಏನೆಂದರೆ ಬಣ್ಣಕ್ಕೆ ಒಳ್ಳೇ ನೀರು ಇರುವ ಕಾಲದಲ್ಲಿ ಬಟ್ಟೆ ಒಣಗಿಸಲು ಬಿಸಿಲಿಲ್ಲ, ಬಿಸಿಲಿರುವ ಕಾಲದಲ್ಲಿ ಆ ನೀರಿಲ್ಲ. ಜೊತೆಗೆ ಡಿಸೆಂಬರಿನಿಂದ ಫೆಬ್ರವರಿ ತನಕ ಕಾಫಿ ಕುಯ್ಲು. ಆಗ ತರಗತಿ ಇಟ್ಟರೆ ತೋಟದ ಕೆಲಸಕ್ಕೆ ಹೋಗುವ ಒಬ್ಬ ಹೆಂಗಸೂ ಬರುವುದಿಲ್ಲ. ಬರಬಾರದು ಕೂಡ, ವರ್ಷದ ಒಳ್ಳೇ ಕೂಲಿ ಸಿಗುವುದು ಆಗಲೇ.

ಹೀಗಾಗಿ ಮುಂದಿನ ತರಗತಿ ದಸರಾ ಮುಗಿದ ಮಾರನೇ ವಾರ. ಮಡಿಕೇರಿಯಲ್ಲಿ ದಶಮಂಟಪಗಳ ರಾತ್ರಿ ಕಳೆದು, ಆಯುಧಪೂಜೆಗೆ ಗಾಡಿಗಳಿಗೆ ಕಟ್ಟಿದ ಹಾರ ಒಣಗುವ ಹೊತ್ತಿಗೆ ಚೆಂಡುಹೂ ಮೂಟೆಗಟ್ಟಲೆ ಕಸಕ್ಕೆ ಹೋಗುತ್ತದೆ. ಅಂಗಡಿಯವರಿಗೆ, ಆಟೋ ಸ್ಟ್ಯಾಂಡಿನವರಿಗೆ ಮೊದಲೇ ಹೇಳಿಟ್ಟರೆ ಎತ್ತಿಟ್ಟಿರುತ್ತಾರೆ. ದಾರ ಬಿಚ್ಚಿ, ಎಸಳು ಒಣಗಿಸಿಕೊಂಡು ಬನ್ನಿ. ಡ್ರಮ್ಮಿನ ನೀರು ಅಷ್ಟು ದಿನ ಇರುತ್ತದೆ. ಸ್ಟೀಲ್ ಪಾತ್ರೆ ನಾನು ಕೊಡುತ್ತೇನೆ, ತಾಮ್ರದ ಹಂಡೆ, ಕಬ್ಬಿಣದ ಬಾಣಲೆ ತರಬೇಡಿ, ಬಣ್ಣ ಬದಲಾಗುತ್ತದೆ. ಹೊಸ ಬಟ್ಟೆ ಕೊಳ್ಳಲು ಹೋಗಬೇಡಿ. ಮನೆಯಲ್ಲಿ ಒಗೆದೂ ಒಗೆದೂ ಮೆತ್ತಗಾದ ಹತ್ತಿ ಪಂಚೆ ಇದ್ದರೆ ಅದನ್ನೇ ತನ್ನಿ. ತೊಳೆಯುವ ಕೆಲಸದಲ್ಲಿ ಅರ್ಧ ಅದಕ್ಕೆ ಆಗಿಯೇ ಇರುತ್ತದೆ. ಇನ್ನರ್ಧ ಬೆಳಿಗ್ಗೆ ಎಂಟಕ್ಕೆ ಶುರು.